ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವ ಬದಲು

ದಸರಾ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ನಮ್ಮ ಬಹಳಷ್ಟು ತರಗತಿಗಳು ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: 'ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ?' ಪ್ರಶಿಕ್ಷಣಾರ್ಥಿಗಳಾದ ನಮಗೆ ಈ ಪ್ರಶ್ನೆ ಬಲು ಅನುಕೂಲ. ಮಕ್ಕಳೊಡನೆ ಸಲಿಗೆ ಬೆಳೆಯುತ್ತದೆ, ಪೀಠಿಕೆಯ ಐದು ನಿಮಿಷ ತುಂಬುತ್ತದೆ, ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರ ಹಾಳೆಯಲ್ಲಿ 'ಕಲಿಕಾರ್ಥಿಗಳನ್ನು ತೊಡಗಿಸಿಕೊಂಡಿದ್ದಾರೆ' ಎಂಬ ಸಾಲಿನ ಮುಂದೆ ಗುರುತು ಬೀಳುತ್ತದೆ. ಆದರೂ ವಿಜ್ಞಾನದ ತರಗತಿಯಲ್ಲಿ ಈ ಪ್ರಶ್ನೆಯನ್ನು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ. ಪ್ರವಾಸದ ಮಾತೇ ಬೇಡ ಎಂದಲ್ಲ. ಆ ಮಾತು ಈಗಿರುವುದಕ್ಕಿಂತ ಹೆಚ್ಚೇ ಬೇಕು. ಆದರೆ ಅದು ಊರಿನ ಹೆಸರಿನಿಂದ ಶುರುವಾಗಬಾರದು.

ನನ್ನ ಇಂಟರ್ನ್‌ಶಿಪ್ ನಡೆದದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಒಂಬತ್ತನೇ ತರಗತಿಯಲ್ಲಿ 43 ಮಕ್ಕಳು. ರಜೆಯ ಮರುವಾರ ಕನ್ನಡ ವಿಷಯದಲ್ಲಿ 'ನಾನು ಕಂಡ ಪ್ರವಾಸಿ ತಾಣ' ಎಂಬ ಪ್ರಬಂಧ ಬರೆಸಿದ್ದರು. ಆ ಪುಸ್ತಕಗಳನ್ನು ಕೇಳಿ ಪಡೆದು ಓದಿದೆ. ನಿಜವಾಗಿ ಎಲ್ಲಿಗಾದರೂ ಹೋಗಿ ಬಂದು ಬರೆದವರು ಏಳೋ ಎಂಟೋ ಮಂದಿ. ಉಳಿದವರು ಹೋಗದ ಮೈಸೂರಿಗೆ ಹೋಗಿದ್ದರು, ಕಾಣದ ಸಮುದ್ರವನ್ನು ಕಂಡಿದ್ದರು. ಹೋದವರ ಪ್ರಬಂಧಕ್ಕೂ ಹೋಗದವರ ಪ್ರಬಂಧಕ್ಕೂ ವ್ಯತ್ಯಾಸವೇ ಇರಲಿಲ್ಲ ಎಂಬುದು ನನಗೆ ಹೆಚ್ಚು ಚಿಂತೆ ತಂದ ಸಂಗತಿ. ಎಲ್ಲರದೂ ಬೆಳಗ್ಗೆ ಬೇಗ ಎದ್ದು ಹೊರಟ ಪ್ರವಾಸ, ಎಲ್ಲರಿಗೂ ಪ್ರಕೃತಿಯ ಸೊಬಗು 'ಕಣ್ಮನ ಸೂರೆಗೊಂಡಿತು', ಎಲ್ಲರೂ ಸಂಜೆ 'ಸವಿನೆನಪುಗಳೊಂದಿಗೆ' ಮರಳಿದರು.

ಜೋಗಕ್ಕೆ ನಿಜವಾಗಿ ಹೋಗಿದ್ದ ಹುಡುಗನೊಬ್ಬನನ್ನು ಊಟದ ಬಿಡುವಿನಲ್ಲಿ ಮಾತಾಡಿಸಿದೆ. ಪ್ರಬಂಧದಲ್ಲಿ ಅವನ ಜಲಪಾತ 'ಭೋರ್ಗರೆದು ಧುಮ್ಮಿಕ್ಕಿತ್ತು'. ಬಾಯಲ್ಲಿ ಬಂದದ್ದು ಬೇರೆ: "ಫೋಟೋದಾಗೆ ಇರೋಷ್ಟು ನೀರು ಇರ್ಲಿಲ್ಲ ಮಿಸ್. ನಮ್ಮಪ್ಪ ದುಡ್ಡು ದಂಡ ಅಂದ." ಅವನ ಬಳಿ ಇದ್ದ ಅತ್ಯುತ್ತಮ ವಾಕ್ಯ ಅದು, ಅದನ್ನೇ ಬರೆದಿರಲಿಲ್ಲ. ನೀರು ಏಕೆ ಇರಲಿಲ್ಲ? ಜೋಗದ ಮೇಲ್ಗಡೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಇದೆ. 1964ರಲ್ಲಿ ಮುಗಿದ ಅಣೆಕಟ್ಟು ಅದು. ಅಲ್ಲಿ ನಿಂತ ನೀರು ವಿದ್ಯುದಾಗಾರಗಳ ಕಡೆ ಹೋಗುತ್ತದೆ. ಒಳ್ಳೆಯ ಮಳೆಗಾಲದಲ್ಲಿ ಮಾತ್ರ ಜಲಪಾತ ಫೋಟೋದಂತೆ ಕಾಣುತ್ತದೆ. ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಲ್ಲಿರುವ 1 ಕಿಲೋಗ್ರಾಂ ನೀರಿನ ಪ್ರಚ್ಛನ್ನ ಶಕ್ತಿ ಸುಮಾರು 2,480 ಜೂಲ್. 'ಕೆಲಸ ಮತ್ತು ಶಕ್ತಿ' ಘಟಕದಲ್ಲಿ ನಾವು ಮೇಜಿನ ಮೇಲಿನ ಪುಸ್ತಕವನ್ನು ಇಟ್ಟುಕೊಂಡು ಇದೇ ಲೆಕ್ಕ ಮಾಡಿಸುತ್ತೇವೆ. ದುಡ್ಡು ದಂಡವಾಯಿತೆಂದು ಅಪ್ಪ ಗೊಣಗಿದ ಜಾಗದ ಲೆಕ್ಕವಾದರೆ ಆ ಹುಡುಗ ಮರೆಯುವುದಿಲ್ಲ.

ಈಗ ನಾನು ಈ ಲೇಖನ ಬರೆಯಲು ಕಾರಣಳಾದ ಹುಡುಗಿಯ ವಿಷಯ. ನನಗೆ ಸಿಕ್ಕಿದ್ದು ಪುನರಾವರ್ತನೆಯ ತರಗತಿ. ವಿಷಯ, ಆವಿಯಾಗುವಿಕೆಯ ಮೇಲೆ ಪರಿಣಾಮ ಬೀರುವ ಅಂಶಗಳು. ಮೇಲ್ಮೈ ವಿಸ್ತೀರ್ಣ, ತಾಪ, ಗಾಳಿಯ ವೇಗ, ಆರ್ದ್ರತೆ ಎಂದು ನಾಲ್ಕನ್ನೂ ಮಕ್ಕಳು ಒಂದೇ ಉಸಿರಿಗೆ ಹೇಳಿದರು. ಮೊದಲ ಮೂರಕ್ಕೆ ಅವರ ಬಳಿ ಉದಾಹರಣೆಯೂ ಇತ್ತು. ಆರ್ದ್ರತೆ ಮಾತ್ರ ಬರಿಯ ಪದ. ಚಳ್ಳಕೆರೆಯ ಒಣ ಗಾಳಿಯಲ್ಲಿ ಬೆಳೆದ ಮಕ್ಕಳಿಗೆ ಆರ್ದ್ರತೆಯನ್ನು ಮೈಯಲ್ಲಿ ಅನುಭವಿಸಿ ಗೊತ್ತಿಲ್ಲ. ಇಲ್ಲಿ ಒಗೆದು ಹಾಕಿದ ಲಂಗ ಗಂಟೆಯೊಳಗೆ ಗರಿಗರಿ.

"ಒಗೆದ ಬಟ್ಟೆ ಒಂದು ದಿನವಾದರೂ ಒಣಗದೇ ಇದ್ದದ್ದನ್ನು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದೆ. ಮೂರನೇ ಸಾಲಿನಿಂದ ಒಂದು ಕೈ ಅರ್ಧ ಎದ್ದಿತು. ಸಾಮಾನ್ಯವಾಗಿ ಮಾತಾಡದ ಹುಡುಗಿ. "ನಾಕು ದಿನ ಆದ್ರೂ ಒಣಗಲ್ಲ ಮಿಸ್, ತೀರ್ಥಹಳ್ಳಿ ಕಡೆ" ಎಂದಳು. ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಅಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ, ಒದ್ದೆ ಬಟ್ಟೆಯನ್ನು ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಒಣಗಿಸಬೇಕು, ಹಾಗೆ ಒಣಗಿದ ಅಂಗಿಯೆಲ್ಲ ಹೊಗೆ ವಾಸನೆ. ಹುಲ್ಲಿನಲ್ಲಿ ನಡೆದರೆ ಉಂಬಳ ಕಾಲಿಗೆ ಹತ್ತುತ್ತದೆ, ಸುಣ್ಣ ಹಚ್ಚಿದರೆ ಬಿಡುತ್ತದೆ. ಬೇಯಿಸಿದ ಅಡಿಕೆಯನ್ನು ಬಿಸಿಲಿಗೆ ಹರವಿದರೆ ಮಧ್ಯಾಹ್ನಕ್ಕೆ ಮಳೆ ಬಂದು ಎಲ್ಲವನ್ನೂ ಬಾಚಿ ಒಳಗೆ ಹಾಕಬೇಕು, "ಅಡಿಕೆ ಒಣಗ್ದಿದ್ರೆ ಸಾಹುಕಾರ್ರು ಎಲ್ಲಾರ ಮೇಲೂ ಸಿಡುಕ್ತಿದ್ರು."

ತರಗತಿ ಸುಮ್ಮನಾಗಿ ಕೇಳಿಸಿಕೊಂಡಿತು. ಒಂದು ಒದ್ದೆ ಕರವಸ್ತ್ರವನ್ನು ಕಿಟಕಿಗೆ ಕಟ್ಟಿದೆವು, ಇನ್ನೊಂದನ್ನು ತಳದಲ್ಲಿ ಸ್ವಲ್ಪ ನೀರಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಗೆ ತಾಗದಂತೆ ತೂಗುಹಾಕಿ ಮುಚ್ಚಿದೆವು. ಅವಧಿ ಮುಗಿಯುವ ಹೊತ್ತಿಗೆ ಕಿಟಕಿಯದು ಒಣಗಿತ್ತು, ಡಬ್ಬಿಯದು ಹಾಗೇ ಇತ್ತು. "ಈ ಡಬ್ಬಿನೇ ತೀರ್ಥಹಳ್ಳಿ" ಎಂದು ಒಬ್ಬ ಹುಡುಗ ಹೇಳಿದ. ಡಬ್ಬಿಯೊಳಗೆ ಗಾಳಿಯ ಓಡಾಟವೂ ಇಲ್ಲವಲ್ಲ, ಹಾಗಾದರೆ ಒಣಗದ್ದು ಆರ್ದ್ರತೆಯಿಂದಲೋ ಗಾಳಿ ಇಲ್ಲದ್ದರಿಂದಲೋ ಎಂದು ಇನ್ನೊಬ್ಬಳು ಕೇಳಿದಾಗ ನನಗಾದ ಖುಷಿ ದೊಡ್ಡದು. ಮರುದಿನ ಎರಡು ಡಬ್ಬಿ ಇಟ್ಟೆವು. ಎರಡಕ್ಕೂ ಮುಚ್ಚಳ ಹಾಕಿ, ಒಂದರ ತಳದಲ್ಲಿ ನೀರು, ಇನ್ನೊಂದರಲ್ಲಿ ಬಾಣಲೆಯಲ್ಲಿ ಚೆನ್ನಾಗಿ ಹುರಿದ ಉಪ್ಪು.

ಈ ಹುಡುಗಿ ಪ್ರಬಂಧದಲ್ಲಿ ಬರೆದದ್ದು ಮೈಸೂರು ಅರಮನೆಯ ಬಗ್ಗೆ. ಅವಳು ಮೈಸೂರು ನೋಡಿಲ್ಲ. ತೀರ್ಥಹಳ್ಳಿಯ ಬಗ್ಗೆ ಏಕೆ ಬರೆಯಲಿಲ್ಲ ಎಂದು ಆಮೇಲೆ ಕೇಳಿದ್ದಕ್ಕೆ ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿ, "ಅದು ಪ್ರವಾಸ ಅಲ್ಲ ಮಿಸ್, ಕೆಲಸಕ್ಕೆ ಹೋಗಿದ್ವಿ" ಎಂದಳು. ಅಡಿಕೆ ಸುಗ್ಗಿಯಲ್ಲಿ ಬಯಲುಸೀಮೆಯಿಂದ ಮಲೆನಾಡಿಗೆ ಕೂಲಿಗೆ ಹೋಗುವ ಕುಟುಂಬಗಳಲ್ಲಿ ಅವಳದೂ ಒಂದು. ಅಮ್ಮ ಅಡಿಕೆ ಸುಲಿಯುತ್ತಿದ್ದರು, ಇವಳು ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಆ ತರಗತಿಯಲ್ಲಿ ಮಲೆನಾಡನ್ನು ಎಲ್ಲರಿಗಿಂತ ಹೆಚ್ಚು ಕಾಲ, ಹೆಚ್ಚು ಹತ್ತಿರದಿಂದ ನೋಡಿದವಳು ಅವಳೇ. 'ಎಲ್ಲಿಗೆ ಹೋಗಿದ್ರಿ' ಎಂಬ ಪ್ರಶ್ನೆಗೆ ಅವಳ ಕೈ ಏಳುವುದಿಲ್ಲ. 'ಬಟ್ಟೆ ಒಣಗದ್ದನ್ನು ನೋಡಿದ್ದೀರಾ' ಎಂದರೆ ಏಳುತ್ತದೆ. ನನ್ನ ವಾದದ ತಿರುಳು ಇಷ್ಟೇ.

ಪ್ರವಾಸದ ಸಂತೋಷವನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮದು ಹಿರಿಯೂರು ಕಡೆಯ ಶೇಂಗಾ ಬೆಳೆಯುವ ಮನೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಮನೆಯವರೆಲ್ಲ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಶೃಂಗೇರಿ, ಆಗುಂಬೆ, ಉಡುಪಿ ಎಂದು ಹೊರಡುವುದುಂಟು. ಬುಟ್ಟಿಯಲ್ಲಿ ಚಿತ್ರಾನ್ನ, ಮೊಸರನ್ನ, ಶೇಂಗಾ ಹೋಳಿಗೆ. ಮೊದಲ ಸಲ ಆಗುಂಬೆಯ ಕಾಡು ಕಂಡಾಗ ಅಮ್ಮ ತುಂಬ ಹೊತ್ತು ಮಾತೇ ಆಡಲಿಲ್ಲ. ಅಪ್ಪ ಮಾತ್ರ ಕಿಟಕಿಯಿಂದ ಕತ್ತು ಹೊರಹಾಕಿ, "ಇಷ್ಟು ಮಳೆ ಹೊಯ್ದ್ರೆ ಇವರು ಶೇಂಗಾ ಹೆಂಗೆ ಬೆಳೀತಾರೆ?" ಎಂದರು. ಎಲ್ಲರೂ ನಕ್ಕೆವು. ಆದರೆ ಆ ಬಸ್ಸಿನಲ್ಲಿ ಭೂಗೋಳದ ಸರಿಯಾದ ಪ್ರಶ್ನೆ ಕೇಳಿದವರು ಅಪ್ಪ ಒಬ್ಬರೇ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ರಸ್ತೆಯಲ್ಲಿ ಸುಮಾರು 230 ಕಿಲೋಮೀಟರ್ ದೂರದ ಚಳ್ಳಕೆರೆಯಲ್ಲಿ 500 ಮುಟ್ಟಿದರೆ ಒಳ್ಳೆಯ ವರ್ಷ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿಯುತ್ತದೆ, ಇಳಿಯುವಾಗ ಗಾಳಿ ಒಣಗುತ್ತದೆ. ಮಳೆನೆರಳು ಎಂದು ನಾವು ಪಾಠದಲ್ಲಿ ಹೇಳುವುದು ನಾವೇ ಕುಳಿತಿರುವ ಜಾಗದ ಬಗ್ಗೆ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಘಟ್ಟದ ಮೇಲೆ ನೀರು ಕುಡಿದು ಖಾಲಿ ಬಾಟಲಿಯ ಮುಚ್ಚಳ ಬಿಗಿದಿಟ್ಟರೆ, ತಿರುವುಗಳನ್ನೆಲ್ಲ ಇಳಿದು ಕೆಳಗೆ ಸೋಮೇಶ್ವರಕ್ಕೆ ಬರುವಷ್ಟರಲ್ಲಿ ತೆಳು ಬಾಟಲಿ ಒಳಕ್ಕೆ ಸೊಟ್ಟಗಾಗಿರುತ್ತದೆ. ಕೆಳಗಿನ ಗಾಳಿಯ ಒತ್ತಡ ಹೆಚ್ಚು, ಬಾಟಲಿಯೊಳಗಿರುವುದು ಮೇಲಿನ ಗಾಳಿ. ಕಿವಿ ಗವ್ ಎನ್ನುವುದಕ್ಕೂ ಇದೇ ಕಾರಣ. ನಮ್ಮ ಬಸ್ಸಿನಲ್ಲಿ ಚಿಕ್ಕಪ್ಪನ ಮಗ ಬಾಟಲಿ ಒಡೆದಿದೆ ಎಂದು ಕಿಟಕಿಯಿಂದ ಎಸೆಯಲು ಹೋಗಿ ಅಮ್ಮನಿಂದ ಬೈಸಿಕೊಂಡ. ಇಂಥ ಬಾಟಲಿಗಳು ಪ್ರತಿ ರಜೆಯಲ್ಲೂ ಘಟ್ಟ ಇಳಿಯುತ್ತಿವೆ.

ಇದಕ್ಕೆ ನನ್ನ ಸಹಪಾಠಿಗಳು ಎರಡು ಆಕ್ಷೇಪ ಎತ್ತಿದರು. ಮೊದಲನೆಯದು, ಸಮಯವಿಲ್ಲ ಎಂಬುದು. 40 ನಿಮಿಷದಲ್ಲಿ ಐದು ಹಂತ ಮುಗಿಸಬೇಕು, ಮಕ್ಕಳನ್ನು ಮಾತಿಗೆ ಬಿಟ್ಟರೆ ವಿವರಣೆಗೆ ಉಳಿಯುವುದೇನು? ಆಕ್ಷೇಪ ನಿಜ. ಆ ದಿನ ನನ್ನ ಮೌಲ್ಯಮಾಪನದ ಹಂತ ಮುಗಿಯಲಿಲ್ಲ. ಆದರೆ ಆರ್ದ್ರತೆಯನ್ನು ವಿವರಿಸುವ ಕೆಲಸವೂ ನನಗೆ ಹೆಚ್ಚು ಉಳಿದಿರಲಿಲ್ಲ, ಅದನ್ನು ಮೂರನೇ ಸಾಲಿನವಳು ಮಾಡಿ ಮುಗಿಸಿದ್ದಳು.

ಎರಡನೆಯದು, ಹಾಗಿದ್ದರೆ ರಜೆಗೆ ಮೊದಲೇ ವೀಕ್ಷಣಾ ಪಟ್ಟಿ ಕೊಟ್ಟು ಕಳಿಸೋಣ, ಮಕ್ಕಳು ತುಂಬಿಸಿಕೊಂಡು ಬರಲಿ ಎಂಬ ಸಲಹೆ. ಇದಕ್ಕೆ ನನ್ನ ಪೂರ್ಣ ವಿರೋಧವಿದೆ. ಅಜ್ಜಿಯ ಮನೆಗೆ ಹೋದ ಮಗು ಹುಣಸೆಮರ ಹತ್ತಬೇಕೇ ಹೊರತು ಅದರ ಎಲೆಯ ವಿನ್ಯಾಸವನ್ನು ಕಾಲಂನಲ್ಲಿ ತುಂಬುತ್ತ ಕೂರಬಾರದು. ನೋಟ ಸವಿಯುವಾಗ ಸವಿಯಲಿ. ಪಟ್ಟಿ ಹಿಡಿದು ಹೋದವರು ಪಟ್ಟಿಯಲ್ಲಿದ್ದದ್ದನ್ನೇ ನೋಡುತ್ತಾರೆ. ಹೊಗೆ ವಾಸನೆಯ ಅಂಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕೆಲಸ ನಮ್ಮದು, ರಜೆ ಮುಗಿದ ಮೇಲೆ.

ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲಿ ಮೊದಲನೆಯದು. ನಾವೆಲ್ಲ ಅದನ್ನು ಪರೀಕ್ಷೆಗೆ ಓದಿ ಬರೆದಿದ್ದೇವೆ. ಅದಕ್ಕಿಂತ ಬಹಳ ಮೊದಲೇ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವದಿಂದ 'ಹಸುರು ಹೊನ್ನು' ಬರೆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕದಲ್ಲಿ ಸಸ್ಯಶಾಸ್ತ್ರವೂ ತಮಾಷೆಯೂ ಪಯಣದ ಪಾಡೂ ಒಂದನ್ನೊಂದು ಬಿಟ್ಟಿಲ್ಲ. ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ 'ಪೂರ್ವಜ್ಞಾನ' ಎಂಬ ಕಾಲಂ ಇದೆ. ಅದರಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಹಿಂದಿನ ತರಗತಿಯ ಪಠ್ಯದಲ್ಲಿ ಏನಿತ್ತು ಎಂಬುದನ್ನು. ಮಕ್ಕಳು ಪಠ್ಯದ ಹೊರಗೆ ಏನು ಕಂಡಿದ್ದಾರೆ ಎಂಬುದಕ್ಕೂ ಅಲ್ಲಿ ಎರಡು ಸಾಲು ಕೊಡಿ ಎಂದು ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ವಿನಂತಿ. ಅಂಕಪಟ್ಟಿಯಲ್ಲಿ ಅದಕ್ಕೊಂದು ಅಂಕವೂ ಇದ್ದರೆ ಪ್ರಶಿಕ್ಷಣಾರ್ಥಿಗಳು ಖಂಡಿತ ಬರೆಯುತ್ತಾರೆ, ನಮ್ಮ ಜಾತಕ ನಮಗೆ ಗೊತ್ತು.

ಒಂದು ಎಚ್ಚರವನ್ನೂ ಹೇಳಬೇಕು. ಕೂಲಿಗೆ ಹೋದ ಮಗುವಿನ ಅನುಭವವನ್ನು ತರಗತಿಯಲ್ಲಿ ಬಳಸುವಾಗ ಅವಳ ಬಡತನ ಪ್ರದರ್ಶನವಾಗಬಾರದು. ಅದಕ್ಕೇ ಪ್ರಶ್ನೆ ವಸ್ತುವಿನ ಬಗ್ಗೆ ಇರಬೇಕು: ಬಟ್ಟೆ, ಉಪ್ಪು, ಮಣ್ಣಿನ ಬಣ್ಣ, ಹೆಂಚಿನ ಇಳಿಜಾರು, ಬಾವಿಯ ಆಳ. ಏಕೆ ಹೋಗಿದ್ದಳು, ಯಾರ ಮನೆಯಲ್ಲಿದ್ದಳು ಎಂಬುದು ಅವಳಾಗಿ ಹೇಳಿದರೆ ಕೇಳಿಸಿಕೊಳ್ಳುವ ವಿಷಯ, ನಾವು ಕೆದಕುವುದಲ್ಲ.

ಇನ್ನು ಶಾಲಾ ಪ್ರವಾಸ. ಡಿಸೆಂಬರ್ ಬಂದರೆ ಬಸ್ಸು ಮೈಸೂರು ಕಡೆಗೋ ಹಂಪಿ ಕಡೆಗೋ ಹೊರಡುತ್ತದೆ, ದುಡ್ಡು ಕೊಡಲಾಗದವರು ಊರಲ್ಲಿ ಉಳಿಯುತ್ತಾರೆ. ನಮ್ಮ ಜಿಲ್ಲೆಯಲ್ಲೇ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಇದೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಸುತ್ತಲಿನ ಊರುಗಳೆಲ್ಲ ಟ್ರ್ಯಾಕ್ಟರ್ ಹತ್ತಿ ನೋಡಲು ಬಂದಿದ್ದವು. ನಮ್ಮ ಅಜ್ಜಿ ತಾನು ಹುಟ್ಟುವ ಮೊದಲು ತುಂಬಿದ್ದ ಡ್ಯಾಂ ಎಂದು ಹೇಳಿ ಕೋಡಿಯ ನೀರಿಗೆ ಅರಿಶಿನ ಕುಂಕುಮ ಬಿಟ್ಟರು. ಚಳ್ಳಕೆರೆಯ ಶಾಲೆಯಿಂದ ಅಲ್ಲಿಗೆ ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು, ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಬಹುದು. ಈ ವರ್ಷ 43 ಮಕ್ಕಳನ್ನೂ ಅಲ್ಲಿಗೆ ಕರೆದೊಯ್ಯುವ ಪ್ರಸ್ತಾಪವನ್ನು ಶಾಲೆಯ ಮುಖ್ಯ ಶಿಕ್ಷಕರ ಮುಂದಿಟ್ಟಿದ್ದೇನೆ. "ಅಲ್ಲಿ ನೋಡೋದಕ್ಕೆ ಏನಿದೆಯಮ್ಮಾ?" ಎಂದು ಕೇಳಿದ್ದಾರೆ. 130 ಅಡಿಯ ಗುರುತಿನ ತನಕ ಏನೇನು ಇದೆ ಎಂದು ಒಂದು ಪುಟ ಬರೆದುಕೊಟ್ಟು ಬಂದಿದ್ದೇನೆ.