ಯಾವುದಕ್ಕೆ ಒಗ್ಗರಣೆ?

ಶನಿವಾರ, ಭಾನುವಾರ ಎರಡು ದಿನ ಬಿಡುವು ದೊರೆತುದರಿಂದ ಮಡಕಶಿರದಿಂದ ರಾಯದುರ್ಗಕ್ಕೆ ಸಂಸಾರಸಮೇತ ಹೋಗಿಬರುವುದೆಂದು ನಿಶ್ಚಯಿಸಿದೆವು. ಅಲ್ಲಿ ನಮ್ಮ ಅಕ್ಕನ ಮನೆಯಿದೆ. ಹೇಳಿಕೊಳ್ಳಲು ಬೆಟ್ಟದ ಮೇಲಿನ ಕೋಟೆ ಒಂದು ನೆಪ. ನಿಜವಾದ ಕಾರಣ ಅಕ್ಕನ ಕೈಯಡಿಗೆ ಎಂಬುದನ್ನು ವಾಚಕರಿಂದ ಮುಚ್ಚಿಡುವುದೇಕೆ?

ಪಾವಗಡ, ಕಲ್ಯಾಣದುರ್ಗಗಳ ಮೇಲೆ ಹೋಗುವವರು ಆಂಧ್ರವನ್ನು ಬಿಟ್ಟು, ಕರ್ನಾಟಕವನ್ನು ಹೊಕ್ಕು, ಮರಳಿ ಆಂಧ್ರವನ್ನೇ ಸೇರಬೇಕು. ಗಡಿನಾಡಿನವರಾದ ನಮಗೆ ಇದು ಸೋಜಿಗವಲ್ಲ. ದಾರಿಯುದ್ದಕ್ಕೂ ಹೊಲಗಳ ಬಣ್ಣ ಬದಲಾಗಲಿಲ್ಲ. ಫಲಕಗಳ ಲಿಪಿ ಮಾತ್ರ ಎರಡು ಬಾರಿ ಬದಲಾಯಿತು. ತೆಲುಗು ಫಲಕ ಬಂದಾಗ ನಮ್ಮ ಮೊಮ್ಮಗಳು ಗಟ್ಟಿಯಾಗಿ ಓದುವಳು, ಕನ್ನಡ ಫಲಕ ಬಂದಾಗ ನಾವು. ಐದನೆಯ ತರಗತಿಯ ಹುಡುಗಿ. ಮನೆಯಲ್ಲಿ ಅರಳು ಹುರಿದಂತೆ ಕನ್ನಡವನ್ನಾಡುತ್ತಾಳೆ. ಶಾಲೆಯಲ್ಲಿ ಇಂಗ್ಲಿಷು, ತೆಲುಗು. ಗಡಿಯ ಮಂಡಲಗಳಲ್ಲಿ ಕನ್ನಡ ಶಾಲೆಗಳಿಲ್ಲವೆಂದಲ್ಲ, ನಾವೇ ಅವಳನ್ನು ಅಲ್ಲಿಗೆ ಕಳುಹಿಸಲಿಲ್ಲ. ಮುಂದೆ ಕಷ್ಟವಾದೀತೆಂದು ಅವಳ ತಂದೆ ಅಂಜಿದನು, ನಾವೂ ಸುಮ್ಮನಿದ್ದೆವು.

ಬೆಳಗಾಗುತ್ತಲೇ ಅಕ್ಕ ಒಳಗಿನಿಂದ, "ಒಗ್ಗರಣಿ ಮಾಡ್ತೀನಿ, ಎಲ್ಲರೂ ತಿಂತೀರೇನು?" ಎಂದು ಕೇಳಿದರು.

"ಯಾವುದಕ್ಕೆ ಒಗ್ಗರಣೆ?" ಎಂದರು ನಮ್ಮ ಮನೆಯವರು.

"ಯಾವುದಕ್ಕೂ ಅಲ್ಲ. ಬರೀ ಒಗ್ಗರಣಿ."

ನಮ್ಮ ಕಡೆ ಒಗ್ಗರಣೆಯೆಂಬುದು ಒಂದು ಕ್ರಿಯೆ; ಸಾರಿಗೋ ಪಲ್ಯಕ್ಕೋ ಹಾಕತಕ್ಕದ್ದು. ರಾಯದುರ್ಗ, ಬಳ್ಳಾರಿಗಳ ಕಡೆ ಅದೇ ಒಂದು ತಿಂಡಿಯ ಹೆಸರು. ಅಕ್ಕ ಬುಟ್ಟಿಯ ತುಂಬ ಮಂಡಕ್ಕಿಯನ್ನು ತಂದು ನೀರಿನ ಪಾತ್ರೆಗೆ ಸುರಿದಾಗ ನಮ್ಮ ಮನೆಯವರಿಗೆ ಎದೆ ಧಸಕ್ಕೆಂದಿತು. ನಾವು ಪುರಿಯೆನ್ನುವುದನ್ನೇ ಅವರು ಮಂಡಕ್ಕಿಯೆನ್ನುವುದು. ಹುಬ್ಬಳ್ಳಿ ಧಾರವಾಡಗಳ ಕಡೆಯವರು ಚುರುಮುರಿಯೆನ್ನುತ್ತಾರೆ, ಈ ಸೀಮೆಯ ತೆಲುಗರು ಬೊರುಗುಲು ಎನ್ನುತ್ತಾರೆ. ನಮ್ಮಲ್ಲಿ ಪುರಿಗೆ ಒಗ್ಗರಣೆ ಕೊಟ್ಟರೂ ಅದು ಗರಿಗರಿಯಾಗಿಯೇ ಇರಬೇಕು. ಮೆತ್ತಗಾದ ಪುರಿ ದನದ ಪಾಲು. "ಪುರೀನ ನೀರಿಗೆ ಹಾಕ್ತಾರಾ ಯಾರಾದ್ರೂ?" ಎಂದು ಅವರು ಕೇಳಿಯೇಬಿಟ್ಟರು. ಅಕ್ಕ ಉತ್ತರ ಕೊಡದೆ, ಮುಳುಗಿಸಿದ ಕೂಡಲೇ ಎರಡೂ ಅಂಗೈಗಳಿಂದ ಬಾಚಿ ಹಿಂಡಿ ತಟ್ಟೆಗೆ ಹಾಕುತ್ತ ಹೋದರು. ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಸಿನ. ಅದಕ್ಕೆ ಹಿಂಡಿದ ಮಂಡಕ್ಕಿ, ಮೇಲೆ ಪುಟಾಣಿಯ ಪುಡಿ, ನಿಂಬೆಯ ರಸ. ಪುಟಾಣಿಯೆಂದರೆ ನಮ್ಮ ಹುರಿಗಡಲೆ. ಈ ಪುಡಿಯೇ ಗುಟ್ಟೆಂದು ನಮಗೆ ತೋರಿತು: ಉಳಿದ ತೇವವನ್ನೆಲ್ಲ ಅದು ಹೀರಿಕೊಂಡು, ಅಗುಳು ಅಗುಳಾಗಿ ಬಿಡಿಸಿ ನಿಲ್ಲಿಸುತ್ತದೆ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಅದಿಲ್ಲದೆ ಬಡಿಸುವುದು ಮರ್ಯಾದೆಯಲ್ಲವಂತೆ.

ತಟ್ಟೆ ಮುಂದೆ ಬಂದೊಡನೆ ಮೊಮ್ಮಗಳು, "ಇದು ಉಗ್ಗಾಣಿ! ನನಗೆ ಗೊತ್ತು" ಎಂದಳು. ಗೆಳತಿಯ ಮನೆಯಲ್ಲಿ ತಿಂದಿದ್ದಳಂತೆ. "ಒಗ್ಗರಣಿ ಅನ್ನು ಮಗಳೇ" ಎಂದರು ಅಕ್ಕ. "ಅಲ್ಲ ಅಜ್ಜಿ, ಉಗ್ಗಾಣಿ." ಪಂಡಿತರು ಏನೆನ್ನುವರೋ, ನಮ್ಮ ಕಿವಿಗಂತೂ ಎರಡೂ ಒಂದೇ ಮಾತಿನ ಎರಡು ಉಚ್ಚಾರಗಳೆನಿಸಿದವು. ನಮ್ಮ ಮನೆಯವರು ವಾದಕ್ಕಿಳಿಯದೆ ಎರಡನೆಯ ಬಾರಿ ಹಾಕಿಸಿಕೊಂಡರು.

ಒಂದೇ ಸೀಮೆಯ ಎರಡು ಊರುಗಳಲ್ಲಿ ಪುರಿಯ ಗತಿ ಹೀಗೇಕೆ ಬೇರೆಯಾಯಿತೆಂದು ಆಲೋಚಿಸಿದೆವು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರ ಹೊಸ ಜಿಲ್ಲೆಗೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರುಗಳೊಡನೆ ರಾಯದುರ್ಗವೂ ಬಳ್ಳಾರಿಯನ್ನು ಅಗಲಿ ಆಂಧ್ರದ ಪಾಲಾಯಿತು. ಹೀಗೆ ಒಂದೇ ಜಿಲ್ಲೆಯಲ್ಲಿ ಕೂಡಿದ ನಮ್ಮನ್ನು 2022ರ ಏಪ್ರಿಲಿನಲ್ಲಿ ಮತ್ತೆ ಬೇರೆ ಮಾಡಿದರು. ಮಡಕಶಿರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಚೇರಿಗಳು ಎತ್ತ ಹೋದರೂ ಅಕ್ಕನ ಒಲೆ ಬಳ್ಳಾರಿಯ ಕಡೆಗೆ ಮುಖ ಮಾಡಿದೆ, ನಮ್ಮದು ತುಮಕೂರಿನ ಕಡೆಗೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಈ ನೆಲದಲ್ಲಿ ಮುದ್ದೆ ನಿತ್ಯದ್ದು, ಅನ್ನ ಹಬ್ಬದ್ದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಿಡಿ ಅಕ್ಕಿ ಕಾದ ಮರಳಿನಲ್ಲಿ ಅರಳಿ ಬುಟ್ಟಿ ತುಂಬುವುದು ಅಂಥವರ ಕಣ್ಣಿಗೆ ಸಣ್ಣ ಸಂಗತಿಯಾಗಿರಲಾರದು.

ಕೋಟೆಯನ್ನು ಅರ್ಧ ಹತ್ತಿ ಇಳಿದೆವು. ಮೊಣಕಾಲಿನ ವಿಚಾರ ಇಲ್ಲಿ ಬೇಡ.

ಹೊರಡುವಾಗ ಮೊಮ್ಮಗಳು ಮಾಡುವ ಕ್ರಮವನ್ನು ಬರೆದುಕೊಡೆಂದು ಅಕ್ಕನನ್ನು ಕೇಳಿದಳು. ಅಕ್ಕನಿಗೆ ತೆಲುಗು ಮಾತು ಬರುತ್ತದೆ, ಅಕ್ಷರ ಬಾರದು, ಕನ್ನಡದಲ್ಲೇ ಬರೆದರು. ಹುಡುಗಿ ಬಸ್ಸಿನಲ್ಲಿ ಕಾಗದವನ್ನು ಬಿಡಿಸಿ, ಎರಡು ಲಿಪಿಗಳೂ ಒಡಹುಟ್ಟಿದವಾದುದರಿಂದ, 'ಮಂಡ'ದವರೆಗೆ ತಾನಾಗಿಯೇ ಓದಿದಳು. 'ಕ್ಕಿ'ಯ ಬಳಿ ನಿಂತುಬಿಟ್ಟಳು. ತೆಲುಗಿನ 'ಕ' ಬೇರೆಯೇ ರೂಪದ್ದು. ಕಲ್ಯಾಣದುರ್ಗದಿಂದ ಪಾವಗಡದವರೆಗೆ ಅವಳ ಬೆರಳು ಹಿಡಿದು ಕಿಟಕಿಯ ಧೂಳಿನ ಮೇಲೆ 'ಕ' ಬರೆಯಿಸಿದೆವು.

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಪ್ರಯೋಗ. ಅಜ್ಜಿ ಒಲೆಯ ಮುಂದೆ, ಕನ್ನಡಕ ಎಲ್ಲೋ. ಓದುವ ಭಾರ ಮೊಮ್ಮಗಳದು. "ಪುರಿ ನೀರಿಗೆ ಹಾಕಿದೆ, ಮುಂದೆ?" ಎಂದರು ಅಜ್ಜಿ. ಹುಡುಗಿ ಕಾಗದದ ಮೇಲೆ ಬೆರಳಿಟ್ಟು, "ಕ... ಅಲ್ಲ, ಕೂ... ಕೂಡ... ಕೂಡಲೇ... ತೆ... ತೆಗೆ" ಎಂದು ಮುಗಿಸುವ ಹೊತ್ತಿಗೆ ಪಾತ್ರೆಯಲ್ಲಿದ್ದುದು ಅಂಬಲಿಯಾಗಿತ್ತು. ಅದಕ್ಕೇ ಒಗ್ಗರಣೆ ಹಾಕಿ, ಹುರಿಗಡಲೆಯ ಪುಡಿಯನ್ನು ಇಮ್ಮಡಿ ಸುರಿದು, ಎಲ್ಲರೂ ತಿಂದೆವು.