ಅನುಮಾನ ಮಗುವಿನ ಕಡೆಗಿರಲಿ

ಅಲ್ ಫಶೀರ್ ಎಂಬ ಊರಿನ ಹೆಸರು ನಮ್ಮಲ್ಲಿ ಬಹಳ ಜನರ ಕಿವಿಗೆ ಬಿದ್ದದ್ದು 2023ರ ಏಪ್ರಿಲ್‌ನಲ್ಲಿ. ಗಿಡಮೂಲಿಕೆ ಔಷಧಿ ಮಾರಲು ಸುಡಾನಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ಆ ತಿಂಗಳ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತ್ತು. ಇಲ್ಲಿ ವಿಧಾನಸಭೆ ಚುನಾವಣೆಯ ಕಾವು. ಅವರನ್ನು ಕರೆತನ್ನಿ ಎಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು. ಮಾತಿನ ಜಗಳ ಏನೇ ಇರಲಿ, ಕೆಲಸ ಆಯಿತು. 'ಆಪರೇಷನ್ ಕಾವೇರಿ' ಹೆಸರಿನಲ್ಲಿ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಕಳಿಸಿ ಸುಮಾರು 3,800 ಭಾರತೀಯರನ್ನು ಸರ್ಕಾರ ಕರೆತಂದಿತು. ಹಕ್ಕಿಪಿಕ್ಕಿಗಳು ತಮ್ಮ ಕಾಲೋನಿಗಳಿಗೆ ಮರಳಿದರು. ಆ ಊರನ್ನು ನಾವು ಮರೆತೆವು.

ಆ ಊರಿನ ಮಕ್ಕಳಿಗೆ ಯಾವ ಹಡಗೂ ಬರಲಿಲ್ಲ. 2024ರ ಮೇ ತಿಂಗಳಲ್ಲಿ ಆರ್‌ಎಸ್‌ಎಫ್ ಊರನ್ನು ಸುತ್ತುವರಿಯಿತು. ಕಾಳು ಮುಗಿದಾಗ ಜನ ದನಕ್ಕೆ ಹಾಕುವ ಶೇಂಗಾ ಹಿಂಡಿ ತಿಂದು ಜೀವ ಹಿಡಿದರು. 2025ರ ಅಕ್ಟೋಬರ್ 26ರಂದು ಊರು ಬಿತ್ತು. ಆಮೇಲೆ ನಡೆದ ಕೊಲೆಗಳ ರಕ್ತದ ಕಲೆಗಳನ್ನು ಉಪಗ್ರಹದ ಚಿತ್ರಗಳಲ್ಲೇ ಗುರುತಿಸಿದರು. ಈ ಯುದ್ಧದಲ್ಲಿ ಮನೆ ಬಿಟ್ಟವರು 1 ಕೋಟಿ 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಸುಡಾನಿನೊಳಗೆ, ಇಲ್ಲವೇ ಪಕ್ಕದ ಚಾಡ್, ಈಜಿಪ್ಟ್‌ಗಳಲ್ಲಿ ಇದ್ದಾರೆ. ಕೆಲವೇ ಹುಡುಗರು, ಹದಿನಾರು ಹದಿನೇಳರ ಪ್ರಾಯದವರು, ಲಿಬಿಯಾ ದಾಟಿ, ಮೆಡಿಟರೇನಿಯನ್ ದಾಟಿ, ಫ್ರಾನ್ಸಿನ ಕಲೇ ತೀರದಿಂದ ರಬ್ಬರ್ ದೋಣಿ ಹತ್ತಿ ಇಂಗ್ಲೆಂಡಿನ ಡೋವರ್ ಮುಟ್ಟುತ್ತಾರೆ. ಅಲ್ಲಿ ಅವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ನೀನು ನಿಜವಾಗಿಯೂ ಮಗುವೇ?

ಈ ಪ್ರಶ್ನೆಯ ಸುತ್ತ ಬ್ರಿಟನ್ನಿನಲ್ಲಿ ಹತ್ತು ವರ್ಷಗಳಿಂದ ರಾಜಕೀಯ ನಡೆದಿದೆ. ವಯಸ್ಸಿನ ದಾಖಲೆ ಇಲ್ಲದ ಹುಡುಗನನ್ನು ಗಡಿಯಲ್ಲಿ ಇಬ್ಬರು ಅಧಿಕಾರಿಗಳು ನೋಡುತ್ತಾರೆ. ಮುಖ, ಮೈಕಟ್ಟು, ನಡವಳಿಕೆ ನೋಡಿ 'ಇವನು ಹದಿನೆಂಟನ್ನು ಚೆನ್ನಾಗಿ ದಾಟಿದ್ದಾನೆ' ಎಂದು ಇಬ್ಬರಿಗೂ ಅನ್ನಿಸಿದರೆ ಮುಗಿಯಿತು, ಅವನು ದೊಡ್ಡವ. ಗುರುತಿಲ್ಲದ ಗಂಡಸರ ಜೊತೆ ಹೋಟೆಲಿನ ಒಂದೇ ಕೋಣೆ. ದೋಣಿಯ ಚುಕ್ಕಾಣಿ ಹಿಡಿದಿದ್ದ ಎಂಬ ಆರೋಪ ಬಂದರೆ ದೊಡ್ಡವರ ಜೈಲು. ಹೀಗೆ ಗಡಿಯಲ್ಲಿ 'ದೊಡ್ಡವರು' ಎನಿಸಿಕೊಂಡು, ಆಮೇಲೆ ಸ್ಥಳೀಯ ಆಡಳಿತದ ಸಮಾಜ ಕಾರ್ಯಕರ್ತರು ಕೂತು ಮಾತಾಡಿಸಿದಾಗ ಮಕ್ಕಳೇ ಎಂದು ಸಾಬೀತಾದವರು 2022ರ ಜನವರಿಯಿಂದ 2023ರ ಜೂನ್‌ವರೆಗೆ ಕಡಿಮೆಯೆಂದರೂ 1,300 ಜನ. ಈ ಲೆಕ್ಕ ತೆಗೆದದ್ದು ಹೆಲೆನ್ ಬಾಂಬರ್ ಫೌಂಡೇಷನ್ ಎಂಬ ಸಂಸ್ಥೆ, ಅದೂ ಸ್ಥಳೀಯ ಆಡಳಿತಗಳಿಂದಲೇ ಮಾಹಿತಿ ಕೇಳಿ ಪಡೆದು.

ನಮ್ಮಪ್ಪನ ಹುಟ್ಟಿದ ತಾರೀಕು ಜೂನ್ 1. ದೊಡ್ಡಪ್ಪನದೂ ಜೂನ್ 1. ಊರಿನ ಅರ್ಧ ಜನರದೂ ಅದೇ. ಶಾಲೆ ಶುರುವಾಗುವ ಹೊತ್ತಿಗೆ ಹೊಂದುವಂತೆ ಹೆಡ್‌ಮಾಸ್ತರರು ಬರೆದುಕೊಂಡ ತಾರೀಕು ಅದು. ಅಜ್ಜಿಗೆ ಗೊತ್ತಿದ್ದದ್ದು, ಕೆರೆ ಕೋಡಿ ಬಿದ್ದ ವರ್ಷ, ರಾಗಿ ಕೊಯ್ಲಿನ ಹೊತ್ತು ಅಂತ ಮಾತ್ರ. ಮಾಸ್ತರರ ಹತ್ತಿರ ಇದ್ದ ಪರೀಕ್ಷೆಯೂ ಒಂದೇ: ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಕ್ಲಾಸು. ಬೆರಳು ಸ್ವಲ್ಪದರಲ್ಲಿ ತಪ್ಪಿದರೆ 'ತಲೆ ಬಗ್ಸೋ ಮಗಾ' ಎಂದು ಮುಟ್ಟಿಸಿ ಹೆಸರು ಬರೆದುಕೊಂಡ ಮಾಸ್ತರರನ್ನು ನಮ್ಮ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಆ ಪರೀಕ್ಷೆಯಲ್ಲಿ ತಪ್ಪುಗಳಿದ್ದವು, ಬೇಕಾದಷ್ಟಿದ್ದವು. ಆದರೆ ಆ ತಪ್ಪು ಮಗುವನ್ನು ಶಾಲೆಯ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಡೋವರಿನ ತಪ್ಪು ಮಗುವನ್ನು ಹೊರಗೆ ಹಾಕುತ್ತದೆ. ನನ್ನ ವಾದವೆಲ್ಲ ಇಷ್ಟೇ. ದಾಖಲೆ ಇಲ್ಲದ ಕಡೆ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪಿನ ಹೊರೆಯನ್ನು ಹೊರಬೇಕಾದದ್ದು ಸರ್ಕಾರ, ಹದಿನಾರರ ಹುಡುಗನಲ್ಲ.

ಈ ಮಾತು ಹೊಸದೇನೂ ಅಲ್ಲ. ಇದೇ ಸುಡಾನಿನ ಹಿಂದಿನ ಅಂತರ್ಯುದ್ಧದಲ್ಲಿ, 1980ರ ದಶಕದ ಕೊನೆಯಲ್ಲಿ, ಸಾವಿರಾರು ಹುಡುಗರು ನಡೆದೇ ಇಥಿಯೋಪಿಯಾ ಸೇರಿದರು. ಅಲ್ಲಿಂದಲೂ ಓಡಿಸಿಕೊಂಡು 1992ರಲ್ಲಿ ಕೆನ್ಯಾದ ಕಾಕುಮ ಶಿಬಿರ ಮುಟ್ಟಿದರು. 2000-01ರಲ್ಲಿ ಅಮೆರಿಕ ಅವರಲ್ಲಿ ಸುಮಾರು 3,800 ಜನರನ್ನು ಕರೆಸಿಕೊಂಡಿತು. ಅವರ ಕಾಗದಗಳಲ್ಲಿ ಹುಟ್ಟಿದ ದಿನ ಸಾಲುಸಾಲಾಗಿ ಜನವರಿ 1. ನಮ್ಮ ಜೂನ್ 1ರ ಅಣ್ಣತಮ್ಮಂದಿರು ಅವರು. ಅಂದಾಜಿನಲ್ಲಿ ಬರೆದ ಆ ವಯಸ್ಸೇ ಅವರ ಮುಂದಿನ ಬದುಕನ್ನು ಗೆರೆ ಎಳೆದು ಎರಡು ಮಾಡಿತು. ಹದಿನೆಂಟರ ಒಳಗಿನವರಿಗೆ ಸಾಕು ಕುಟುಂಬ, ಹೈಸ್ಕೂಲು. ಮೇಲಿನವರಿಗೆ ನಾಲ್ಕೈದು ಜನ ಸೇರಿ ಇರುವ ಬಾಡಿಗೆ ಮನೆ, ಕೆಲವೇ ತಿಂಗಳಲ್ಲಿ ಫ್ಯಾಕ್ಟರಿಯ ಪಾಳಿ. ಆರನೇ ವಯಸ್ಸಿನಲ್ಲಿ ಬಂದೂಕುಧಾರಿಗಳು ಹೊತ್ತೊಯ್ದಿದ್ದ, ತಪ್ಪಿಸಿಕೊಂಡು ಹತ್ತು ವರ್ಷ ಕಾಕುಮದಲ್ಲಿ ಬೆಳೆದ ಲೊಪೆಝ್ ಲೊಮಾಂಗ್‌ಗೆ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ ಸಿಕ್ಕಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಧ್ವಜ ಹಿಡಿದು ಮುಂದೆ ನಡೆದದ್ದು ಅವನೇ. ಎಲ್ಲರೂ ಒಲಿಂಪಿಕ್ಸ್‌ಗೆ ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಊಟ ಬಡಿಸಿ 'ನಾಳೆ ಸ್ಕೂಲಿದೆ, ಬೇಗ ಮಲಗು' ಎನ್ನುವ ಒಬ್ಬ ದೊಡ್ಡವರು ಮನೆಯಲ್ಲಿರುವುದು ಆ ಪ್ರಾಯದ ಹುಡುಗನಿಗೆ ಏನು ಎನ್ನುವುದು ಮಕ್ಕಳನ್ನು ಬೆಳೆಸಿದ ಎಲ್ಲರಿಗೂ ಗೊತ್ತು.

ಬ್ರಿಟನ್ನಿಗೂ ಗೊತ್ತಿತ್ತು. 1938ರ ಡಿಸೆಂಬರ್‌ನಿಂದ ಮಹಾಯುದ್ಧ ಶುರುವಾಗುವವರೆಗೆ ನಾಜಿಗಳ ಕೈಯಿಂದ ಸುಮಾರು 10,000 ಮಕ್ಕಳನ್ನು, ಹೆಚ್ಚಿನವರು ಯಹೂದಿಗಳು, ಅದು ರೈಲುಗಳಲ್ಲಿ ಕರೆಸಿಕೊಂಡಿತು. ಆ ಕಥೆಯನ್ನು ಇಂದಿಗೂ ಅಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಷ್ಟಾಗಿ ಹೇಳದ ಇನ್ನೊಂದು ಭಾಗವಿದೆ. 1940ರಲ್ಲಿ ಅದೇ ಮಕ್ಕಳಲ್ಲಿ ಹದಿನಾರು ದಾಟಿದ್ದ ಸುಮಾರು ಸಾವಿರ ಜನರನ್ನು 'ಶತ್ರು ದೇಶದವರು' ಎಂದು ಹಿಡಿದು ಕೂಡಿಹಾಕಿದರು, ಕೆಲವರನ್ನು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ರೈಲು ಇಳಿದಾಗ ಮುದ್ದು ಮಗು. ಮೀಸೆ ಚಿಗುರಿದೊಡನೆ ಅಪಾಯ.

ಪ್ರಾಗ್‌ನಿಂದ ಹೊರಟ ಆ ರೈಲುಗಳಲ್ಲೊಂದರಲ್ಲಿ 1939ರಲ್ಲಿ ಬಂದ ಆರು ವರ್ಷದ ಹುಡುಗ ಆಲ್ಫ್ ಡಬ್ಸ್ ಮುಂದೆ ಬ್ರಿಟನ್ನಿನ ಸಂಸದರಾದರು, ಲಾರ್ಡ್ ಆದರು. ಸಿರಿಯಾ ಯುದ್ಧದ ಕಾಲದಲ್ಲಿ ಯುರೋಪಿನ ಶಿಬಿರಗಳಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಮಕ್ಕಳಿಗಾಗಿ ಅವರು ಹೋರಾಡಿದರು. 2016ರ ವಲಸೆ ಕಾಯ್ದೆಯಲ್ಲಿ ಅವರ ತಿದ್ದುಪಡಿ ಸೇರಿತು. 3,000 ಮಕ್ಕಳನ್ನು ಕರೆತನ್ನಿ ಎಂಬುದು ಹೋರಾಟಗಾರರ ಬೇಡಿಕೆ. 480ಕ್ಕೆ ಸರ್ಕಾರ ಬಾಗಿಲು ಮುಚ್ಚಿತು. ಆ ವರ್ಷ ಅಕ್ಟೋಬರ್‌ನಲ್ಲಿ ಕಲೇ ಶಿಬಿರದಿಂದ ಮೊದಲ ಹುಡುಗರು ಬಸ್ ಇಳಿದಾಗ ಪತ್ರಿಕೆಗಳು ಅವರ ಮುಖಗಳನ್ನು ದೊಡ್ಡದಾಗಿ ಅಚ್ಚುಹಾಕಿ 'ಇವರು ಮಕ್ಕಳೇ?' ಎಂದು ಕೇಳಿದವು. ಡೇವಿಡ್ ಡೇವಿಸ್ ಎಂಬ ಸಂಸದರು ಹಲ್ಲಿನ ಪರೀಕ್ಷೆ ಮಾಡಿಸಿ ಎಂದರು. ಅದು ನಿಖರವೂ ಅಲ್ಲ, ನೈತಿಕವೂ ಅಲ್ಲ ಎಂದು ಬ್ರಿಟನ್ನಿನ ದಂತವೈದ್ಯರ ಸಂಘವೇ ಹೇಳಿತು. ಆದರೂ ಅನುಮಾನ ನಿಲ್ಲಲಿಲ್ಲ. ಈಗ ಮುಖ ನೋಡಿ ವಯಸ್ಸು ಹೇಳುವ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ತರುತ್ತೇವೆ ಎಂದು 2025ರ ಜುಲೈನಲ್ಲಿ ಸರ್ಕಾರ ಪ್ರಕಟಿಸಿದೆ. ಮರುಭೂಮಿ ದಾಟಿದ, ಹಸಿವು ಕಂಡ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಹುಡುಗನ ಮುಖ ಎಷ್ಟು ವರ್ಷದ್ದು ಎಂದು ಯಂತ್ರ ಹೇಗೆ ಹೇಳೀತು? ನಮ್ಮ ಸುಪ್ರೀಂ ಕೋರ್ಟ್ 1982ರಲ್ಲೇ, ಜಯಮಾಲಾ ಪ್ರಕರಣದಲ್ಲಿ, ಎಕ್ಸ್-ರೇ ನೋಡಿ ಹೇಳುವ ವಯಸ್ಸು ಎರಡು ವರ್ಷ ಆಚೆಗೋ ಈಚೆಗೋ ತಪ್ಪಬಹುದು ಎಂದಿತ್ತು. 2015ರ ನಮ್ಮ ಬಾಲನ್ಯಾಯ ಕಾಯ್ದೆಯಲ್ಲಿ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪುರಸಭೆ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಹದಿನೇಳಕ್ಕೂ ಹತ್ತೊಂಬತ್ತಕ್ಕೂ ನಡುವಿನ ಗೆರೆ ಮೂಳೆಯಲ್ಲೇ ಸ್ಪಷ್ಟವಿಲ್ಲದಿರುವಾಗ ಕೆನ್ನೆಯಲ್ಲಿ ಹುಡುಕುವುದು ವಿಜ್ಞಾನವಲ್ಲ.

ಎದುರು ವಾದವನ್ನು ನಾನು ತಳ್ಳಿಹಾಕುವುದಿಲ್ಲ. ವಯಸ್ಸು ಕಡಿಮೆ ಹೇಳುವ ದೊಡ್ಡವರು ಇದ್ದಾರೆ. 2022ರ ಮಾರ್ಚ್‌ನಲ್ಲಿ ಬೋರ್ನ್‌ಮತ್ ಊರಿನಲ್ಲಿ 21 ವರ್ಷದ ಯುವಕನನ್ನು ಇರಿದು ಕೊಂದವನು, ತನಗೆ ಹದಿನಾಲ್ಕು ಎಂದು ಹೇಳಿಕೊಂಡು ಬ್ರಿಟನ್ನಿಗೆ ಬಂದಿದ್ದ ಅಫ್ಘನ್. ಅವನನ್ನು ಶಾಲೆಗೂ ಸೇರಿಸಿದ್ದರು. ಸರ್ಬಿಯಾದಲ್ಲಿ ಇಬ್ಬರನ್ನು ಕೊಂದು ಬಂದಿದ್ದ. ಆ ಯುವಕನ ತಾಯಿತಂದೆಯರ ಮುಂದೆ ನಿಂತು ಯಾರೂ ಅಂಕಿಅಂಶ ಹೇಳಲಾರರು. ಆದರೆ ಅಲ್ಲಿ ಸೋತದ್ದು ಯಾವುದು? ಗಡಿಯಲ್ಲಿ ಅವನನ್ನು ಕಣ್ಣಿಂದ ನೋಡಿ ಒಪ್ಪಿಕೊಂಡಿದ್ದರು. ಅವನ ಹಿಂದಿನ ಜಾಡು ಯುರೋಪಿನ ದೇಶಗಳಲ್ಲಿ ಇತ್ತು, ಯಾರೂ ಹಿಡಿದು ನೋಡಲಿಲ್ಲ. ಕಣ್ಣಳತೆ ಆ ಕಡೆಗೂ ತಪ್ಪುತ್ತದೆ, ಈ ಕಡೆಗೂ ತಪ್ಪುತ್ತದೆ. ಬೆರಳಚ್ಚು ತಾಳೆ ನೋಡಿ, ದೇಶದೇಶಗಳ ನಡುವೆ ಮಾಹಿತಿ ಹಂಚಿಕೊಳ್ಳಿ, ತರಬೇತಾದ ಸಮಾಜ ಕಾರ್ಯಕರ್ತರು ದಿನಗಟ್ಟಲೆ ಕೂತು ವಿಚಾರಿಸಲಿ. ಅಷ್ಟು ದಿನ ಅವನು ಸಣ್ಣ ಮಕ್ಕಳ ಜೊತೆಯೂ ಬೇಡ, ಅಪರಿಚಿತ ಗಂಡಸರ ಜೊತೆಯೂ ಬೇಡ, ನಿಗಾ ಇರುವ ಬೇರೆ ಜಾಗದಲ್ಲಿರಲಿ. ಇದಕ್ಕೆ ಹಣ ಬೇಕು, ತಾಳ್ಮೆ ಬೇಕು. ಎರಡೂ ಇಲ್ಲದ ಸರ್ಕಾರ ಯಂತ್ರ ಕೊಳ್ಳುತ್ತದೆ.

ಮಕ್ಕಳೆಂದು ಒಪ್ಪಿಕೊಂಡವರನ್ನಾದರೂ ಚೆನ್ನಾಗಿ ನೋಡಿಕೊಂಡರೇ? 2021ರ ಜುಲೈನಿಂದ ಸುಮಾರು 4,600 ಒಂಟಿ ಮಕ್ಕಳನ್ನು ಗೃಹ ಇಲಾಖೆ ಹೋಟೆಲುಗಳಲ್ಲಿ ಇಟ್ಟಿತು. ಅವರಲ್ಲಿ 200 ಮಕ್ಕಳು ಎಲ್ಲಿದ್ದಾರೆಂದೇ ಗೊತ್ತಿಲ್ಲ ಎಂದು 2023ರ ಜನವರಿಯಲ್ಲಿ ಸಚಿವರೇ ಪಾರ್ಲಿಮೆಂಟಿಗೆ ತಿಳಿಸಿದರು. ಹೀಗೆ ಮಕ್ಕಳನ್ನು ಹೋಟೆಲಿನಲ್ಲಿಡುವುದು ಕಾನೂನಿಗೆ ವಿರುದ್ಧ ಎಂದು ಅದೇ ವರ್ಷದ ಜುಲೈನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಡೋವರಿನ ಕೇಂದ್ರದಲ್ಲಿ ದೋಣಿಯಿಂದ ಇಳಿದ ಮಕ್ಕಳು ಕೂರುವ ಜಾಗದ ಗೋಡೆಗಳ ಮೇಲೆ ಮಿಕ್ಕಿ ಮೌಸ್, ಭಾಲೂ ಕರಡಿಯ ಚಿತ್ರಗಳಿದ್ದವು. ವಲಸೆ ಸಚಿವ ರಾಬರ್ಟ್ ಜೆನ್ರಿಕ್ ಅವುಗಳ ಮೇಲೆ ಬಣ್ಣ ಬಳಿಸಿದ ಸುದ್ದಿ ಹೊರಬಿದ್ದದ್ದೂ ಅದೇ ತಿಂಗಳು. ಬಂದವರಿಗೆ ಸ್ವಾಗತ ಅನ್ನಿಸಬಾರದು ಎಂಬುದು ಕಾರಣ ಎಂದು ಪತ್ರಿಕೆಗಳು ಬರೆದವು. ಬರುವವರಲ್ಲಿ ಹೆಚ್ಚಿನವರು ಹದಿಹರೆಯದವರು, ಆ ಚಿತ್ರಗಳು ಅವರ ವಯಸ್ಸಿಗೆ ತಕ್ಕದ್ದಲ್ಲ ಎಂದು ಸಚಿವರು ಸಮರ್ಥಿಸಿಕೊಂಡರು. ಆಗ ಪ್ರಧಾನಿ ರಿಷಿ ಸುನಕ್. 2022ರ ಅಕ್ಟೋಬರ್‌ನಲ್ಲಿ ಅವರು ಆ ಕುರ್ಚಿ ಏರಿದಾಗ 'ಬೆಂಗಳೂರಿನ ಅಳಿಯ' ಎಂದು ನಾವು ಸಂಭ್ರಮಪಟ್ಟಿದ್ದೆವು. ಅಳಿಯನೆಂದು ಹೆಮ್ಮೆಪಟ್ಟವರಿಗೆ ಅಳಿಯನನ್ನು ಕೇಳುವ ಹಕ್ಕೂ ಇರುತ್ತದೆ. ಆ ಗೋಡೆಗೆ ಬಣ್ಣ ಬಳಿದದ್ದು ತಪ್ಪು ಎಂದು ಆಗ ನಮ್ಮಲ್ಲಿ ಹೆಚ್ಚಿನವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಸರ್ಕಾರ ಬದಲಾಯಿತು. ಲೇಬರ್ ಪಕ್ಷ ಬಂತು. 2025ರ ಸೆಪ್ಟೆಂಬರ್‌ನಲ್ಲಿ, ಬ್ರಿಟನ್ನಿನಲ್ಲಿ ಆಶ್ರಯ ಸಿಕ್ಕವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಇದ್ದ ದಾರಿಯ ಹೊಸ ಅರ್ಜಿಗಳನ್ನು ಅದು ನಿಲ್ಲಿಸಿತು. ಆ ದಾರಿಯಲ್ಲಿ ಬರುತ್ತಿದ್ದವರು ಬಹುಪಾಲು ಹೆಂಗಸರು ಮತ್ತು ಮಕ್ಕಳು. ಯಾರ ವಯಸ್ಸಿನ ಮೇಲೂ ಜಗಳವಿಲ್ಲದ, ಯಾರೂ ದೋಣಿ ಹತ್ತಬೇಕಿಲ್ಲದ ದಾರಿ ಅದು. ನವೆಂಬರ್‌ನಲ್ಲಿ ಇನ್ನೊಂದು ಯೋಜನೆ ಬಂತು: ಆಶ್ರಯ ಕೊಟ್ಟರೂ ಎರಡೂವರೆ ವರ್ಷಕ್ಕೊಮ್ಮೆ ಮರುಪರಿಶೀಲನೆ, ಕಾಯಂ ನೆಲೆಗೆ ಇಪ್ಪತ್ತು ವರ್ಷ. ಗಡಿಯಲ್ಲಿ ದೊಡ್ಡವನೆನಿಸಿಕೊಂಡ ಹದಿನೇಳರವನು ಮೂವತ್ತೇಳರವರೆಗೆ ಪೆಟ್ಟಿಗೆ ಕಟ್ಟಿಕೊಂಡೇ ಕೂತಿರಬೇಕು. ಹೀಗೆ ಕೂತವನು ಆ ನೆಲದಲ್ಲಿ ಬೇರು ಬಿಡುವುದಾದರೂ ಹೇಗೆ?

ಸುಡಾನಿನಿಂದ ಬಂದವರ ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಬ್ರಿಟನ್ ಒಪ್ಪಿಕೊಳ್ಳುತ್ತ ಬಂದಿದೆ. ಅಂದರೆ ಅವರು ನಿಜವಾದ ನಿರಾಶ್ರಿತರು ಎನ್ನುವುದು ಅದಕ್ಕೇ ಗೊತ್ತು. ಆದರೆ ಅರ್ಜಿ ಹಾಕಲು ಬ್ರಿಟನ್ನಿನ ನೆಲ ಮುಟ್ಟಬೇಕು, ನೆಲ ಮುಟ್ಟಲು ವೀಸಾ ಇಲ್ಲ, ದೋಣಿಯಲ್ಲಿ ಬಂದರೆ 2022ರ ಕಾಯ್ದೆಯ ಪ್ರಕಾರ ಅಪರಾಧ. ಅದೇ 2022ರಲ್ಲಿ ಉಕ್ರೇನಿನ ಜನರಿಗೆ ಕೆಲವೇ ವಾರಗಳಲ್ಲಿ ವೀಸಾ ದಾರಿ ತೆರೆದರು, ಎರಡು ಲಕ್ಷಕ್ಕೂ ಹೆಚ್ಚು ಜನ ಬಂದರು. ಮಾಡಿದ್ದು ಸರಿ. ಅಲ್ ಫಶೀರಿನ ಮಕ್ಕಳಿಗೂ ಅದನ್ನೇ ಮಾಡಬೇಕಿತ್ತು.

ಭಾರತವೇ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ನಾವು ಹಾಕಬೇಕಿತ್ತು ಎಂಬುದು ನನ್ನ ನಿಲುವು. ಆದರೆ ನಾವು ಸಹಿ ಹಾಕದ್ದು, ಹಾಕಿದವರು ಮಾತು ಮುರಿಯುವುದಕ್ಕೆ ನೆಪವಾಗುವುದಿಲ್ಲ.

ಲಂಡನ್ನಿನಲ್ಲಿ, ಸ್ಲೌನಲ್ಲಿ, ರೆಡಿಂಗ್‌ನಲ್ಲಿ, ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ಮಾತು. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಇದೆ. ಅದರ ಮುಂದೆ ನಿಂತರೆ ಹೊಳೆಯಾಚೆ ಕಾಣುವುದು ಪಾರ್ಲಿಮೆಂಟು. ಈ ಕಾನೂನುಗಳೆಲ್ಲ ಆಗುವುದು ಅಲ್ಲೇ. ನಿಮ್ಮ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ದರೂ, ಕಾಮನ್‌ವೆಲ್ತ್ ದೇಶದ ಪ್ರಜೆಗಳಾಗಿ ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ನಿಮಗೆ ಆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತವಿದೆ. ನಿಮ್ಮ ಕ್ಷೇತ್ರದ ಸಂಸದರಿಗೆ ಈ ವಾರವೇ ಪತ್ರ ಬರೆಯಿರಿ. ಕುಟುಂಬ ಸೇರುವ ದಾರಿಯನ್ನು ಮತ್ತೆ ತೆರೆಯಿರಿ, ವಯಸ್ಸಿನ ಬಗ್ಗೆ ಅನುಮಾನವಿದ್ದರೆ ವಿಚಾರಣೆ ಮುಗಿಯುವವರೆಗೆ ಮಗುವೆಂದೇ ನಡೆಸಿಕೊಳ್ಳಿ ಎಂದು ಕೇಳಿ. ನಿಮ್ಮ ಅಪ್ಪನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮನೆಯಲ್ಲಿದ್ದರೆ ತೆಗೆದು ಹುಟ್ಟಿದ ತಾರೀಕು ನೋಡಿ. ಜೂನ್ 1 ಎಂದಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ.