ಬೀದರನ್ನ ಕಾಫಿಯೊಳಗ ಹುಡುಕಬ್ಯಾಡ್ರಿ

ಒಂದು ಊರನ್ನ ಅರೀಬೇಕಾದ್ರೆ ಅಲ್ಲಿನ ಸ್ಪೆಷಾಲಿಟಿ ಕಾಫಿ ಅಂಗಡಿಗಳನ್ನ ಸುತ್ತಬೇಕಂತೆ. ಬೆಂಗಳೂರಿಗೆ ಈ ಮಾತು ಒಪ್ಪುತ್ತೋ ಏನೋ. ನಮ್ಮ ಚಿದ್ರಿಗೆ ಬಂದು ಹೇಳಿ ನೋಡೋಣ!

ಕಾಫಿ ಮೇಲೆ ನನಗೆ ಸಿಟ್ಟಿಲ್ಲ ಬಿಡಿ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ರಾಜ್ಯದ್ದೇ. ಪೊಟ್ಟಣದ ಮೇಲೆ ತೋಟದ ಹೆಸರು, ಹುರಿದ ತಾರೀಖು ಬರೆಯೋದು, ಒಳ್ಳೆ ಬೀಜಕ್ಕೆ ಬೆಳೆಗಾರನಿಗೆ ಹೆಚ್ಚು ಬೆಲೆ ಕೊಡೋದು ಎಲ್ಲಾ ಸರಿ. ನನ್ನ ತಕರಾರು ಬೇರೆ. ಬೀಜ ಯಾವ ಗುಡ್ಡದ್ದು ಅಂತ ಬಲ್ಲವರಿಗೆ ಅಂಗಡಿಯ ಹಿಂದಿನ ಓಣಿಯ ಹೆಸರು ಗೊತ್ತಿರೋದಿಲ್ಲ. ಅದೇ ಮರದ ಮೇಜು, ಅದೇ ಹಳದಿ ಬಲ್ಬು, ಅದೇ ಇಂಗ್ಲಿಷ್ ಮೆನು... ಕೂತಿರೋದು ಇಂದಿರಾನಗರದಲ್ಲೋ ಬರ್ಲಿನ್‌ನಲ್ಲೋ ಹೇಗೆ ಹೇಳ್ತೀರಿ? ಒಂದು ಕಪ್ಪಿಗೆ ಇನ್ನೂರು ರೂಪಾಯಿ ಕೊಡಲಾಗದವನು ಆ ಊರಿನವನಲ್ವಾ?

ಬೀದರ್ ಛಾದ ಊರು. ಇದು ಬರೀ ನಾಲಿಗೆಯ ಮಾತಲ್ಲ, ಇತಿಹಾಸ. 1956ರ ನವೆಂಬರ್ 1ರ ತನಕ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಈಗಲೂ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು 700ರ ಹತ್ತಿರ. ಚೌಬಾರಾ ಆಸುಪಾಸು ಯಾವುದಾದ್ರೂ ಹೋಟೆಲಿನಲ್ಲಿ ಬಶಿಗೆ ಸುರಕೊಂಡು ಛಾ ಕುಡೀರಿ. ಒಂದೇ ಬೆಂಚಿನ ಮೇಲೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲಾ ಕಿವಿಗೆ ಬೀಳ್ತವೆ. ತೊಗರಿ ರೇಟು, ಮಗಳ ಪರೀಕ್ಷೆ, ನಿನ್ನೆಯ ಮಳೆ ಎಲ್ಲಾ ಅಲ್ಲೇ ಇತ್ಯರ್ಥ. ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ 1472ರ ಮಹಮೂದ್ ಗವಾನ್ ಮದರಸಾ. ಊರು ಅಂದ್ರೆ ಇದು.

ಇಷ್ಟಕ್ಕೇ ಆಗಿದ್ರೆ ಸುಮ್ಮನಿರ್ತಿದ್ದೆ. ಆದ್ರೆ ನವೆಂಬರ್ ಬಂತಂದ್ರೆ ಸಾಕು, ಕನ್ನಡತನದ ಗುರುತು ಅಂತ ಹಿತ್ತಾಳೆ ಲೋಟದ ಫಿಲ್ಟರ್ ಕಾಫಿ ಚಿತ್ರ. "ಕಾಫಿ ಕುಡಿಯಲ್ವಾ? ಎಂಥಾ ಕನ್ನಡಿಗರ್ರೀ ನೀವು!" ಅಂತ ಬೆಂಗಳೂರಲ್ಲಿ ಒಬ್ಬರು ನನ್ನನ್ನ ಕೇಳಿಯೂ ಬಿಟ್ರು. ನಗುತ್ತಲೇ ಕೇಳಿದ್ರು, ಆದ್ರೆ ಇಂಥ ನಗೆಯಲ್ಲೇ ನಾವು ನಕಾಶೆಯಿಂದ ಆಚೆ ಬೀಳೋದು. ಬಸವಣ್ಣ ಬಾಳಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲಿದೆ ಸ್ವಾಮಿ. ಇನ್ನು ಕಾಫಿ ಎಲ್ಲಿಯದು? ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದರು ಅಂತ ತಾನೇ ನಿಮ್ಮದೇ ಪ್ರತೀತಿ? ಹೊರಗಿಂದ ಬಂದ ಕಾಫಿ ಕನ್ನಡದ್ದಾಗೋದಾದ್ರೆ ನಮ್ಮ ಛಾ ಏನು ಪಾಪ ಮಾಡಿದೆ?

ಬೀದರಿಗೆ ಬರ್ರಿ. ಕಾಫಿಗೆ ಕೊಡೋ ಗಮನದಲ್ಲಿ ಅರ್ಧ ನಮ್ಮ ಬೆಂಚಿಗೂ ಕೊಡ್ರಿ. ಛಾ ನಂದು, ಮಾತು ನಿಮ್ದು.

ಏನಂತೀರಿ?